ವಾರಕ್ಕೆ ಮೂರು ಡ್ಯೂಟಿ: ಅರೆಕಾಲಿಕ ಶುಶ್ರೂಷೆಯ ಲೆಕ್ಕ ಯಾರಿಗೆ ಕೂಡುತ್ತದೆ?

ಹರಿಹರದ ಶುಶ್ರೂಷಕಿ

ದಾವಣಗೆರೆಯ ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಿರುವ, ಮಾಡಿ ಬಿಟ್ಟಿರುವ ಮತ್ತು ಪುನಃ ಸೇರಬೇಕೆಂದಿರುವ ಸಹೋದ್ಯೋಗಿಗಳ ಮುಂದೆ ಒಂದು ಲೆಕ್ಕವನ್ನು ಇಡುತ್ತಿದ್ದೇನೆ. ನಾನು ಶುಶ್ರೂಷೆಯ ಡಿಪ್ಲೊಮಾ ಆದ ಜಿ.ಎನ್.ಎಂ. ಮುಗಿಸಿ ಕೆಲವು ವರ್ಷ ಪೂರ್ಣಾವಧಿ ದುಡಿದು, ಮಗುವಾದ ಮೇಲೆ ಕೆಲಸ ಬಿಟ್ಟವಳು. ನಗರದ ಖಾಸಗಿ ಆಸ್ಪತ್ರೆಯೊಂದು ತಿಂಗಳಿಗೆ 13 ಬೆಳಗಿನ ಡ್ಯೂಟಿ ಮಾಡಿದರೆ ಡ್ಯೂಟಿಗೆ 500 ರೂ. ಕೊಡುವುದಾಗಿ ಹೇಳಿದೆ. ಅದೇ ಆಸ್ಪತ್ರೆಯಲ್ಲಿ ಪೂರ್ಣಾವಧಿಗೆ ಸೇರಿದರೆ ತಿಂಗಳಿಗೆ 20,000 ರೂ. ಸಂಬಳ.

ಮೇಲ್ನೋಟಕ್ಕೆ ಇದು ನ್ಯಾಯವಾಗಿಯೇ ಕಾಣುತ್ತದೆ. ಗಂಟೆಯ ಲೆಕ್ಕಕ್ಕೆ ಇಳಿದರೆ ಚಿತ್ರ ಬೇರೆ. ಪೂರ್ಣಾವಧಿಯವರು 26 ಡ್ಯೂಟಿ ಮಾಡುತ್ತಾರೆ. ತಲಾ ಆರು ಗಂಟೆ ಅವಧಿಯ ಬೆಳಗಿನ ಹಾಗೂ ಮಧ್ಯಾಹ್ನದ ಪಾಳಿ, ಹನ್ನೆರಡು ಗಂಟೆ ಅವಧಿಯ ನೈಟ್ ಎಲ್ಲವನ್ನೂ ಕೂಡಿ ಸರಾಸರಿ ಎಂಟು ಗಂಟೆ ಎಂದುಕೊಂಡರೆ 208 ಗಂಟೆ, ಅಂದರೆ ಗಂಟೆಗೆ ಸುಮಾರು 96 ರೂ. ನನಗೆ 78 ಗಂಟೆಗೆ 6,500 ರೂ., ಗಂಟೆಗೆ 83. ಹೋಗಿ ಬರುವುದಕ್ಕೂ ಹ್ಯಾಂಡ್‌ಓವರ್‌ಗೂ ದಿನಕ್ಕೆ ಒಂದೂವರೆ ಗಂಟೆ ಸೇರಿಸಿದರೆ ನನ್ನ ಗಳಿಕೆ ಗಂಟೆಗೆ 67ಕ್ಕೆ ಇಳಿಯುತ್ತದೆ, ಪೂರ್ಣಾವಧಿಯವರದು 81ಕ್ಕೆ ನಿಲ್ಲುತ್ತದೆ. ಏಕೆಂದರೆ ಡ್ಯೂಟಿ ಎಷ್ಟು ಚಿಕ್ಕದಾದರೂ ಹರಿಹರದಿಂದ ದಾವಣಗೆರೆಗೆ ಇರುವ ದಾರಿ ಚಿಕ್ಕದಾಗುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚು ಉಳಿದಿದೆ, ಮತ್ತು ನಮ್ಮಂಥವರಿಗೆ ಅರ್ಧ ಕೆಲಸದ ಯೋಚನೆಯಾದರೂ ಸಾಧ್ಯವಾಗಿರುವುದು ಅದರಿಂದಲೇ. ಆದರೆ ಸಮಯವನ್ನು ಯಾವ ಯೋಜನೆಯೂ ಹಿಂತಿರುಗಿಸುವುದಿಲ್ಲ.

ವಾರ್ಡ್ ಅದೇ, ರೋಗಿಗಳು ಅವರೇ, ಔಷಧಿಯ ಟ್ರೇಯೂ ಅದೇ. ಹಾಗಿದ್ದ ಮೇಲೆ ಅರ್ಧ ಕೆಲಸದ ಗಂಟೆ ಏಕೆ ಅಗ್ಗವಾಗಬೇಕು? ಆಸ್ಪತ್ರೆಯ ಕಡೆಯ ಲೆಕ್ಕ ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ನರ್ಸಿಂಗ್ ಹೋಮ್ ಲೆಕ್ಕಪತ್ರ ವಿಭಾಗ, ದಾವಣಗೆರೆ

ಮೇಡಂ, ತಾವು ಕೇಳಿದ್ದು ನಮ್ಮ ಕಡೆಯ ಲೆಕ್ಕವನ್ನು, ಹೇಳುತ್ತೇನೆ. ನಾನು ಮಾಲೀಕನಲ್ಲ, ಸಂಬಳದ ಪಟ್ಟಿ ಮಾಡುವವನು.

ಒಬ್ಬ ಶುಶ್ರೂಷಕಿಯ ಮೇಲೆ ಆಸ್ಪತ್ರೆ ಮಾಡುವ ಖರ್ಚಿನಲ್ಲಿ ಒಂದು ಭಾಗ ಗಂಟೆಯೊಂದಿಗೆ ಏರಿಳಿಯುತ್ತದೆ, ಇನ್ನೊಂದು ಭಾಗ ತಲೆಗೆ ಇಷ್ಟೆಂದು ಬೀಳುತ್ತದೆ. ಸಮವಸ್ತ್ರ, ಹೆಪಟೈಟಿಸ್-ಬಿ ಲಸಿಕೆ, ತ್ಯಾಜ್ಯ ವಿಂಗಡಣೆಯ ಹಾಗೂ ಸೋಂಕು ನಿಯಂತ್ರಣದ ತರಬೇತಿ, ನಮ್ಮ ಕಂಪ್ಯೂಟರ್ ದಾಖಲೆಯ ಪದ್ಧತಿಯನ್ನು ಕಲಿಸುವುದು, ಇವೆಲ್ಲ 26 ಡ್ಯೂಟಿ ಮಾಡುವವರಿಗೂ ಒಂದೇ, 13 ಮಾಡುವವರಿಗೂ ಒಂದೇ.

ಭವಿಷ್ಯ ನಿಧಿಯಲ್ಲೂ (ಪಿ.ಎಫ್.) ಇಂಥದ್ದೇ ಒಂದು ತಿರುವು ಇದೆ. ಸದ್ಯ ಶಾಸನಬದ್ಧ ವೇತನ ಮಿತಿ 15,000 ರೂ. ಆಗಿರುವುದರಿಂದ, 20,000 ಪಡೆಯುವ ಒಬ್ಬರಿಗೆ ಆಸ್ಪತ್ರೆ ಮಿತಿಯ ಮೇಲಷ್ಟೇ ಶೇ. 12ರಂತೆ 1,800 ಕಟ್ಟಿ ಮುಗಿಸಬಹುದು. ಆ ಹುದ್ದೆಯನ್ನೇ 10,000ದ ಎರಡು ಹುದ್ದೆಗಳಾಗಿ ಸೀಳಿದರೆ ಇಬ್ಬರ ಪೂರ್ತಿ ವೇತನವೂ ಮಿತಿಯೊಳಗೆ ಬಂದು 2,400 ಕಟ್ಟಬೇಕಾಗುತ್ತದೆ. ಕೆಲಸ ಅಷ್ಟೇ, ಸಂಬಳ ಅಷ್ಟೇ, ಖರ್ಚು ತಿಂಗಳಿಗೆ 600 ರೂ. ಹೆಚ್ಚು. ನೌಕರರ ರಾಜ್ಯ ವಿಮೆಯಾದ ಇ.ಎಸ್.ಐ.ನಲ್ಲಿ ಮಾಲೀಕರ ಪಾಲು ಪೂರ್ತಿ ವೇತನದ ಶೇ. 3.25 ಇರುವುದರಿಂದ ಅಲ್ಲಿ ಮಾತ್ರ ವ್ಯತ್ಯಾಸ ಬರುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ಅರೆಕಾಲಿಕರು ಬರುತ್ತಾರೋ ಇಲ್ಲವೋ ಎಂಬ ಅನುಮಾನಕ್ಕೆ ಮಾಲೀಕರು ಮನಸ್ಸಿನಲ್ಲೇ ಒಂದು ಬೆಲೆ ಕಟ್ಟಿಕೊಂಡಿರುತ್ತಾರೆ, ಮತ್ತು ತಮ್ಮ ಗಂಟೆಯಿಂದ ಹದಿಮೂರು ರೂಪಾಯಿ ಕಡಿಮೆಯಾಗಿರುವುದಕ್ಕೆ ಬಹುಪಾಲು ಅದೇ ಕಾರಣ ಎಂದು ನನ್ನ ಅಂದಾಜು.

ನಿವೃತ್ತ ವಾರ್ಡ್ ಇನ್‌ಚಾರ್ಜ್ ಸಿಸ್ಟರ್

ಲೆಕ್ಕ ವಿಭಾಗದವರು ಬರೆದಿರುವುದು ಕಾಗದದ ಮೇಲೆ ಸರಿ. ಆದರೆ ವಾರ್ಡ್ ನಡೆಯುವ ರೀತಿಯನ್ನು ಬಲ್ಲವರು ಮೊದಲು ಗಮನಿಸಬೇಕಾದ ಸಂಗತಿಯೊಂದಿದೆ: ನಮ್ಮ ಕೆಲಸ ಮೊದಲಿನಿಂದಲೂ ತುಂಡು ತುಂಡಾಗಿಯೇ ಇದೆ. ಬೆಳಿಗ್ಗೆ ಎಂಟು, ಮಧ್ಯಾಹ್ನ ಎರಡು, ರಾತ್ರಿ ಎಂಟು, ಹೀಗೆ ದಿನಕ್ಕೆ ಮೂರು ಬಾರಿ ರೋಗಿಯನ್ನು ಒಬ್ಬರು ಇನ್ನೊಬ್ಬರಿಗೆ ಒಪ್ಪಿಸಿಯೇ ಮನೆಗೆ ಹೋಗುವುದು. ಪೂರ್ತಿ ಪಾಳಿಯನ್ನು ಮಾಡುವ ಅರೆಕಾಲಿಕ ಸಿಸ್ಟರ್ ಈ ಮೂರಕ್ಕೆ ನಾಲ್ಕನೆಯ ಒಪ್ಪಿಸುವಿಕೆಯನ್ನು ಸೇರಿಸುವುದಿಲ್ಲ. ಹತ್ತಕ್ಕೆ ಬಂದು ಒಂದಕ್ಕೆ ಹೋಗುತ್ತೇನೆ ಎಂದರೆ ಮಾತ್ರ ಸೇರುತ್ತದೆ, ಮತ್ತು ಅಂಥ ಹರಕು ಡ್ಯೂಟಿಗೆ ನಾನು ಎಂದೂ ಒಪ್ಪಿದವಳಲ್ಲ. ತಪ್ಪು ಡೋಸ್ ಹುಟ್ಟುವುದು ಸಾಮಾನ್ಯವಾಗಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಆ ಸಂದಿನಲ್ಲೇ.

ನಿಜವಾದ ನಷ್ಟ ಇರುವುದು ದಿನಗಳ ನಡುವೆ. ನಿನ್ನೆ ಇದ್ದವರಿಗೆ ಇಂದು ರೋಗಿಯ ಮುಖ ನೋಡಿದ ಕೂಡಲೇ ಏನೋ ಸರಿಯಿಲ್ಲ ಎಂದು ಹೊಳೆಯುತ್ತದೆ. ಸೋಮವಾರ, ಗುರುವಾರ, ಶನಿವಾರ ಎಂದು ಚದುರಿಸಿ ಡ್ಯೂಟಿ ಹಾಕಿದರೆ ಆ ಅರಿವು ಬರುವುದಿಲ್ಲ. ಮೂರು ದಿನಗಳನ್ನು ಒಟ್ಟಿಗೆ, ಅದೇ ವಾರ್ಡಿನಲ್ಲಿ ಹಾಕಿದರೆ ಬಹುಮಟ್ಟಿಗೆ ಬರುತ್ತದೆ. ಇದಕ್ಕೆ ಆಸ್ಪತ್ರೆಗೆ ಒಂದು ಪೈಸೆಯೂ ಖರ್ಚಿಲ್ಲ, ರೋಸ್ಟರ್ ಬರೆಯುವವರು ಮನಸ್ಸಿಡಬೇಕು ಅಷ್ಟೆ.

ಇನ್ನೊಂದು ಮಾತು. ಬೋಧನಾ ಆಸ್ಪತ್ರೆಯಲ್ಲಿ ಮೂರು ಹಾಸಿಗೆಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಯಲ್ಲಿ ಐದಕ್ಕೆ ಒಬ್ಬರು, ಅದರ ಮೇಲೆ ರಜೆಯ ಸಲುವಾಗಿ ಶೇ. 30 ಹೆಚ್ಚುವರಿ ಸಿಬ್ಬಂದಿ ಇರಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಆ ಹೆಚ್ಚುವರಿಯನ್ನು ಇಟ್ಟುಕೊಳ್ಳದ ಕಡೆ ಒಬ್ಬರು ಬರದಿದ್ದರೆ ಇದ್ದವರೇ ಡಬಲ್ ಡ್ಯೂಟಿ ಮಾಡುತ್ತಾರೆ. ಅರೆಕಾಲಿಕರು ಬರುತ್ತಾರೋ ಇಲ್ಲವೋ ಎಂದು ಚಿಂತಿಸುವವರು, ಬಂದವರು ಸತತ ಹನ್ನೆರಡು ಗಂಟೆ ನಿಂತು ಕೊನೆಗೆ ಕೆಲಸವನ್ನೇ ಬಿಟ್ಟುಹೋದಾಗ ಹೊಸಬರನ್ನು ಹುಡುಕಿ ಕಲಿಸುವ ಖರ್ಚನ್ನು ಯಾವ ಪುಟದಲ್ಲಿ ಬರೆದಿರುತ್ತಾರೆ?

ಚಿತ್ರದುರ್ಗದಿಂದ

ನಾನು ಬೆಳಿಗ್ಗೆ ಒಂದು ಆಸ್ಪತ್ರೆಯಲ್ಲಿ ಅರ್ಧ ಕೆಲಸ, ಸಂಜೆ ಐದರಿಂದ ಒಂಬತ್ತರವರೆಗೆ ಒಂದು ಕ್ಲಿನಿಕ್‌ನಲ್ಲಿ ಅರ್ಧ ಕೆಲಸ ಮಾಡುತ್ತೇನೆ. ಎರಡನ್ನೂ ಕೂಡಿದರೆ ಪೂರ್ಣಾವಧಿಗಿಂತ ಹೆಚ್ಚು ಗಂಟೆ, ಪೂರ್ಣಾವಧಿಗಿಂತ ಕಡಿಮೆ ಹಣ. ಕ್ಲಿನಿಕ್ಕಿನವರು ಕೈಗೆ ನಗದು ಕೊಡುತ್ತಾರೆ, ಪಿ.ಎಫ್. ಇಲ್ಲ, ರಜೆ ಇಲ್ಲ, ವೈದ್ಯರು ಊರಿಗೆ ಹೋದ ದಿನ ನನಗೂ ಸಂಬಳವಿಲ್ಲ. ಅರೆಕಾಲಿಕ ಎಂಬುದು ಮಕ್ಕಳಿರುವವರು ಮಾಡಿಕೊಂಡ ಆಯ್ಕೆ ಎಂದೇ ಎಲ್ಲರೂ ಬರೆಯುತ್ತಿದ್ದೀರಿ. ಪೂರ್ಣ ಕೆಲಸ ಸಿಗದೆ ಎರಡು ಅರ್ಧಗಳನ್ನು ಹೊಲಿದುಕೊಂಡವರೂ ಇದ್ದೇವೆ ಎಂಬುದನ್ನು ದಯವಿಟ್ಟು ಲೆಕ್ಕಕ್ಕೆ ತೆಗೆದುಕೊಳ್ಳಿ.

ವಾಣಿಜ್ಯಶಾಸ್ತ್ರ ಉಪನ್ಯಾಸಕ, ವಿದ್ಯಾನಗರ

ಇನ್‌ಚಾರ್ಜ್ ಸಿಸ್ಟರ್ ಅವರು ಅನುಭವದಿಂದ ಹೇಳಿದ್ದನ್ನು ಅರ್ಥಶಾಸ್ತ್ರವೂ ಇನ್ನೊಂದು ದಾರಿಯಿಂದ ಹೇಳುತ್ತದೆ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅವರು ಲಾರೆನ್ಸ್ ಕಾಟ್ಜ್ ಅವರೊಂದಿಗೆ ಅಮೆರಿಕದ ಔಷಧಿ ಅಂಗಡಿಗಳ ಫಾರ್ಮಸಿಸ್ಟರನ್ನು ಅಧ್ಯಯನ ಮಾಡಿದ್ದರು. ದಾಖಲೆಗಳು ಕಂಪ್ಯೂಟರಿಗೆ ಬಂದು, ಔಷಧಿಗಳು ಏಕರೂಪವಾಗಿ, ಒಬ್ಬ ಫಾರ್ಮಸಿಸ್ಟ್ ಬಿಟ್ಟ ಕೆಲಸವನ್ನು ಇನ್ನೊಬ್ಬರು ಸಲೀಸಾಗಿ ಮುಂದುವರಿಸುವಂತಾದ ಮೇಲೆ ಆ ವೃತ್ತಿಯಲ್ಲಿ ಕಡಿಮೆ ಗಂಟೆ ದುಡಿಯುವವರ ಗಂಟೆಯ ದರಕ್ಕೆ ಹೆಚ್ಚಿನ ಪೆಟ್ಟು ಬೀಳದೆ ಉಳಿಯಿತು. ವಕೀಲರಲ್ಲಿ, ದೊಡ್ಡ ಕಂಪನಿಗಳ ವ್ಯವಸ್ಥಾಪಕರಲ್ಲಿ ಹಾಗಾಗಲಿಲ್ಲ. ಅಲ್ಲಿ ಗ್ರಾಹಕನಿಗೆ ಆ ವ್ಯಕ್ತಿಯೇ ಬೇಕು, ಆ ಹೊತ್ತಿಗೇ ಬೇಕು. ಹೀಗೆ ಅಳೆದರೆ ಶುಶ್ರೂಷೆ ವಕೀಲಿಗಿಂತ ಔಷಧಿ ಅಂಗಡಿಗೆ ಹತ್ತಿರದ್ದು. ಆದ್ದರಿಂದ ಇಲ್ಲಿ ಅರ್ಧ ಕೆಲಸದ ಗಂಟೆ ಅಗ್ಗವಾಗಿದ್ದರೆ ಕಾರಣವನ್ನು ಕೆಲಸದ ಸ್ವರೂಪದಲ್ಲಿ ಹುಡುಕಿ ಪ್ರಯೋಜನವಿಲ್ಲ.

ಕಾರಣ ಮಾರುಕಟ್ಟೆಯಲ್ಲಿದೆ ಎಂದು ನನ್ನ ಅಭಿಪ್ರಾಯ. ಎರಡು ಖಾಸಗಿ ವೈದ್ಯಕೀಯ ಕಾಲೇಜುಗಳು, ಚಿಗಟೇರಿ ಜಿಲ್ಲಾ ಆಸ್ಪತ್ರೆ ಮತ್ತು ಲೆಕ್ಕವಿಲ್ಲದಷ್ಟು ನರ್ಸಿಂಗ್ ಹೋಮ್‌ಗಳಿರುವ ಈ ಊರಿನಲ್ಲಿ ಕೆಲಸಕ್ಕೆ ಬರವಿಲ್ಲ ಎಂದು ತೋರಬಹುದು. ಆದರೆ ವರ್ಷವರ್ಷವೂ ಸುತ್ತಲಿನ ನರ್ಸಿಂಗ್ ಶಾಲೆಗಳಿಂದ ಹೊಸಬರು ಹೊರಬರುತ್ತಾರೆ, ಮತ್ತು ಮದುವೆಯಾಗಿ ಮನೆ ಹೂಡಿದ ಶುಶ್ರೂಷಕಿ ಹೆಚ್ಚಿನ ಸಂಬಳಕ್ಕಾಗಿ ಬೆಂಗಳೂರಿಗೆ ಹೋಗಲಾರಳು. ಅದರಲ್ಲೂ ಬೆಳಗಿನ ಪಾಳಿ ಮಾತ್ರ, ಬಸ್ ಸಿಗುವ ದಾರಿಯಲ್ಲಿ ಮಾತ್ರ ಎಂದರೆ ಅವಳಿಗೆ ಇರುವ ಕೊಳ್ಳುವವರು ಒಬ್ಬಿಬ್ಬರೇ. ಅದು ಗೊತ್ತಿರುವ ಕೊಳ್ಳುವವನು ದರ ಇಳಿಸುತ್ತಾನೆ. ಕೊಳ್ಳುವವರು ಕೆಲವರೇ ಇರುವ ಮಾರುಕಟ್ಟೆಗೆ ಪಠ್ಯಗಳು ಮೊದಲಿನಿಂದಲೂ ಕೊಡುತ್ತ ಬಂದ ಉದಾಹರಣೆಗಳಲ್ಲಿ ಆಸ್ಪತ್ರೆಯೂ ಶುಶ್ರೂಷಕಿಯೂ ಸೇರಿದ್ದಾರೆ.

ಸಂಬಳದ ತಳವೇ ಗಟ್ಟಿಯಾಗಿಲ್ಲ ಎಂಬುದನ್ನೂ ಮರೆಯಬಾರದು. ಸರ್ವೋಚ್ಚ ನ್ಯಾಯಾಲಯದ 2016ರ ಜನವರಿಯ ನಿರ್ದೇಶನದಂತೆ ರಚನೆಯಾದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಗಳಿರುವ ಖಾಸಗಿ ಆಸ್ಪತ್ರೆ ಸರ್ಕಾರಿ ಶುಶ್ರೂಷಕಿಯರಷ್ಟೇ ವೇತನ ಕೊಡಬೇಕು, 100ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಶೇ. 10ರಷ್ಟು, 50ರಿಂದ 100ರ ನಡುವೆ ಇದ್ದರೆ ಶೇ. 25ರಷ್ಟು ಮಾತ್ರ ಕಡಿಮೆ ಮಾಡಬಹುದು, 50ಕ್ಕಿಂತ ಚಿಕ್ಕದಾದರೂ 20,000ಕ್ಕೆ ಕಡಿಮೆಯಿರಬಾರದು ಎಂದಿತು. ಕೇಂದ್ರ ಸರ್ಕಾರಿ ಶುಶ್ರೂಷಕಿಯ ಆರಂಭಿಕ ಮೂಲವೇತನ ಏಳನೆಯ ವೇತನ ಆಯೋಗದಲ್ಲಿ 44,900. ಹತ್ತು ವರ್ಷದ ಹಿಂದಿನ ಶಿಫಾರಸಿನ ಕನಿಷ್ಠವೇ ಇಂದಿಗೂ ಪೂರ್ಣಾವಧಿಯ ಸಂಬಳವಾಗಿ ಉಳಿದಿರುವ ಕಡೆ, ಅದರ ಅರ್ಧವನ್ನು ಇನ್ನೂ ಕತ್ತರಿಸುವುದಕ್ಕೆ ಯಾವ ತರ್ಕವೂ ಇಲ್ಲ.

ಪೂರ್ಣಾವಧಿ ಸ್ಟಾಫ್ ನರ್ಸ್

ಎಲ್ಲರೂ ಅರೆಕಾಲಿಕರ ಪರವಾಗಿಯೇ ಬರೆಯುತ್ತಿರುವುದರಿಂದ ನಮ್ಮ ಕಡೆಯದನ್ನೂ ದಾಖಲಿಸುತ್ತೇನೆ. ನಮ್ಮ ವಾರ್ಡಿಗೆ ಇಬ್ಬರು ಅರೆಕಾಲಿಕರು ಬಂದರು. ಇಬ್ಬರಿಗೂ ಬೆಳಗಿನ ಪಾಳಿಯೇ ಬೇಕು. ಅವರು ಬಂದ ತಿಂಗಳಿನಿಂದ ನಮ್ಮ ನೈಟ್‌ಗಳು ಹೆಚ್ಚಾದವು, ಹಬ್ಬದ ದಿನಗಳೂ ನಮ್ಮ ಪಾಲಿಗೇ ಬಂದವು. ಹರಿಹರದ ಸಿಸ್ಟರ್ ಹೋಲಿಸಿರುವ 96 ರೂಪಾಯಿಯೊಳಗೆ ನಮ್ಮ ನಿದ್ರೆಯ ಬೆಲೆಯೂ ಇದೆ; ಅವರ 83ರಲ್ಲಿ ಅದು ಇಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಅನ್ಯಾಯವೆನ್ನುವುದು ನಮಗೆ ನ್ಯಾಯವಾಗಿ ಕಾಣಲಿಲ್ಲ.

ಹರಿಹರದ ಶುಶ್ರೂಷಕಿ

ಸಿಸ್ಟರ್, ತಮ್ಮ ಮಾತಿಗೆ ನನ್ನ ಬಳಿ ಎದುರುತ್ತರವಿಲ್ಲ. ನೈಟ್ ಮಾಡಿದವಳಾದ್ದರಿಂದ ಆ ಬೆಲೆ ಏನೆಂದು ಬಲ್ಲೆ. ಆದರೆ ಆ ಬೆಲೆ ಎಷ್ಟೆಂದು ತಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಏಕೆಂದರೆ ಅದು ತಿಂಗಳ ಸಂಬಳದೊಳಗೆ ಕರಗಿಹೋಗಿದೆ. ನೈಟ್ ಭತ್ಯೆಯನ್ನು ಬೇರೆಯಾಗಿ ತೋರಿಸಿ, ಬೆಳಗಿನ ಗಂಟೆಗೆ ಇಬ್ಬರಿಗೂ ಒಂದೇ ದರ ಕಟ್ಟಿದರೆ, ಹೆಚ್ಚು ನೈಟ್ ಮಾಡುವ ತಮಗೆ ಹೆಚ್ಚು ಸಿಗುತ್ತದೆ, ನನ್ನ ದರ ಕಡಿಮೆಯಿದ್ದರೆ ಅದು ಏಕೆ ಕಡಿಮೆ ಎಂಬುದೂ ಬಯಲಾಗುತ್ತದೆ. ಈಗಿರುವ ಪದ್ಧತಿಯಲ್ಲಿ ನಾವಿಬ್ಬರೂ ಪರಸ್ಪರ ಅನುಮಾನ ಪಡುತ್ತೇವೆ, ಲಾಭ ಮೂರನೆಯವರಿಗೆ.

ಕಾರ್ಮಿಕ ಕಾನೂನು ಸಲಹೆಗಾರ, ಕೆ.ಟಿ.ಜೆ. ನಗರ

ನಮ್ಮ ಊರಿಗೆ ಈ ಪ್ರಶ್ನೆ ಹೊಸದಲ್ಲ. ಹತ್ತಿ ಗಿರಣಿಗಳ ಕಾಲದ ಬದಲಿ ಕಾರ್ಮಿಕರನ್ನು ಹಳಬರು ನೆನಪಿಸಿಕೊಳ್ಳಲಿ: ಕಾಯಂ ಕಾರ್ಮಿಕ ಬಾರದ ದಿನ ಅವನ ಯಂತ್ರಕ್ಕೆ ನಿಲ್ಲುವವನು. ಆದರೆ ಅವನಿಗೆ ಕಾನೂನಿನಲ್ಲಿ ಒಂದು ಹೆಸರಿತ್ತು. 1946ರ ಸ್ಥಾಯೀ ಆದೇಶಗಳ ಕಾಯ್ದೆಯ ಮಾದರಿ ನಿಯಮಗಳು ಕಾಯಂ, ತಾತ್ಕಾಲಿಕ ಎಂಬಂತೆ ಬದಲಿಯನ್ನೂ ಒಂದು ವರ್ಗವಾಗಿ ಗುರುತಿಸಿದ್ದವು. ಆಸ್ಪತ್ರೆಯ ಅರೆಕಾಲಿಕ ಸಿಸ್ಟರಿಗೆ ಮಸ್ಟರಿನಲ್ಲಿ ಅಷ್ಟು ಸ್ಥಾನವೂ ಇರುವುದಿಲ್ಲ, ಎಷ್ಟೋ ಕಡೆ ಖರ್ಚಿನ ಚೀಟಿಯಲ್ಲಿ ಹಣ ಪಡೆದು ಹೋಗುತ್ತಾಳೆ.

ಈಗ ಮೂಲ ಪ್ರಶ್ನೆ ಕೇಳಿದ ಮೇಡಂ ಅವರು ಗಮನಿಸಬೇಕಾದ ಒಂದು ಅಂಕಿಯನ್ನು ಹೇಳುತ್ತೇನೆ. ಇ.ಎಸ್.ಐ.ನಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂಬ ಎರಡು ವಂತಿಗೆ ಅವಧಿಗಳಿವೆ. ಕಾಯಿಲೆಯ ಭತ್ಯೆ, ಅಂದರೆ ವೇತನದ ಶೇ. 70ರಂತೆ ವರ್ಷಕ್ಕೆ 91 ದಿನಗಳವರೆಗೆ ಸಿಗುವ ಹಣ ಬೇಕಾದರೆ ಸಂಬಂಧಪಟ್ಟ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಿರಬೇಕು. ತಮಗೆ ಹೇಳಿರುವುದು ತಿಂಗಳಿಗೆ 13 ಡ್ಯೂಟಿ. ಆರು ತಿಂಗಳಿಗೆ ಸರಿಯಾಗಿ 78. ಡ್ಯೂಟಿ ಲೆಕ್ಕದಲ್ಲಿ ಸಂಬಳ ಪಡೆಯುವವರು ಮಗುವಿಗೆ ಜ್ವರವೆಂದು ಒಂದೇ ಒಂದು ದಿನ ತಪ್ಪಿಸಿಕೊಂಡರೂ ಆರು ತಿಂಗಳು ಶೇ. 0.75ರಂತೆ ತಮ್ಮ ಪಾಲನ್ನು ಕಟ್ಟಿದ ಮೇಲೂ ಕಾಯಿಲೆಯ ಭತ್ಯೆ ಕೈತಪ್ಪುತ್ತದೆ. ಹದಿಮೂರು ಎಂಬ ಸಂಖ್ಯೆಯನ್ನು ಯಾರೋ ಇದಕ್ಕಾಗಿಯೇ ಆರಿಸಿದ್ದಾರೆ ಎಂದು ನಾನು ಹೇಳುವುದಿಲ್ಲ, 26ರ ಅರ್ಧ ಹದಿಮೂರು. ಆದರೂ ಹದಿನಾಲ್ಕು ಕೇಳಿ. ಆರು ದಿನಗಳ ಸಡಿಲ ಸಿಗುತ್ತದೆ.

ಮಾಲೀಕರಿಗೂ ಒಂದು ಮಾತು. ವಿವಾಹಿತ ಶುಶ್ರೂಷಕಿಯರನ್ನು ಅರೆಕಾಲಿಕವಾಗಿ ತೆಗೆದುಕೊಂಡರೆ 26 ವಾರಗಳ ಹೆರಿಗೆ ರಜೆಯ ಸಂಬಳ ಮೈಮೇಲೆ ಬರುತ್ತದೆ ಎಂದು ಹೆದರುವವರನ್ನು ನೋಡಿದ್ದೇನೆ. ವೇತನ 21,000 ರೂ. ಒಳಗಿದ್ದು ಆಸ್ಪತ್ರೆ ಇ.ಎಸ್.ಐ. ವ್ಯಾಪ್ತಿಯಲ್ಲಿದ್ದರೆ ಆ ಹಣವನ್ನು ಕೊಡುವುದು ಇ.ಎಸ್.ಐ. ನಿಗಮವೇ ಹೊರತು ಆಸ್ಪತ್ರೆಯಲ್ಲ. ಅದಕ್ಕೆ ಬೇಕಾದದ್ದು ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನ. ಅರೆಕಾಲಿಕರೂ ಅದನ್ನು ಸುಲಭವಾಗಿ ದಾಟುತ್ತಾರೆ. ಅಂದರೆ ನಿಯಮದಂತೆ ಸಿಬ್ಬಂದಿಯನ್ನು ದಾಖಲಿಸಿದ ಮಾಲೀಕನಿಗೆ ಹೆರಿಗೆಯ ಭಯವಿಲ್ಲ. ದಾಖಲಿಸದವನಿಗೆ ಭಯವಿರಬೇಕಾದದ್ದೇ.

ಆಸ್ಟ್ರೇಲಿಯಾದಲ್ಲಿರುವ ದಾವಣಗೆರೆಯವಳು

ಇಲ್ಲಿಯ ಪದ್ಧತಿಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಇಲ್ಲಿ ಅರೆಕಾಲಿಕ ಮತ್ತು ಕ್ಯಾಶುಯಲ್ ಎಂಬವು ಎರಡು ಬೇರೆ ಬೇರೆ ಸಂಗತಿಗಳು. ವಾರಕ್ಕೆ 38 ಗಂಟೆ ಪೂರ್ಣಾವಧಿ. ಅದಕ್ಕಿಂತ ಕಡಿಮೆ ಗಂಟೆಗಳಿಗೆ ಖಚಿತ ಒಪ್ಪಂದವಿರುವವರು ಅರೆಕಾಲಿಕರು. ಅವರಿಗೆ ಅದೇ ಗಂಟೆಯ ದರ, ಮತ್ತು ರಜೆ ಗಂಟೆಗಳಿಗೆ ತಕ್ಕ ಪ್ರಮಾಣದಲ್ಲಿ. ಕರೆದಾಗ ಬರುವವರು ಕ್ಯಾಶುಯಲ್. ಅವರಿಗೆ ಸಂಬಳಸಹಿತ ರಜೆಯಿಲ್ಲ, ಅದಕ್ಕೆ ಬದಲಾಗಿ ಗಂಟೆಯ ದರದ ಮೇಲೆ ಶೇ. 25 ಹೆಚ್ಚು. ಹರಿಹರದ ಅಕ್ಕನವರ ಪತ್ರವನ್ನು ಓದಿದಾಗ ನನಗೆ ವಿಚಿತ್ರವೆನಿಸಿದ್ದು ಇದೇ: ಅವರಿಗೆ ರಜೆಯೂ ಇಲ್ಲ, ದರವೂ ಕಡಿಮೆ. ಅನಿಶ್ಚಿತತೆಯನ್ನು ಹೊರುವವರಿಗೆ ಹೆಚ್ಚು ಕೊಡಬೇಕಾದಲ್ಲಿ, ಅದನ್ನು ಹೊರಿಸುವವರು ಕಡಿತ ಮಾಡುತ್ತಿದ್ದಾರೆ.

ಇಲ್ಲಿ ಎಲ್ಲವೂ ಚೆನ್ನ ಎಂದು ಭಾವಿಸಬೇಡಿ. ಮಕ್ಕಳ ಪಾಲನಾ ಕೇಂದ್ರದ ಶುಲ್ಕ ದುಬಾರಿಯಾದ್ದರಿಂದಲೇ ಅರೆಕಾಲಿಕಕ್ಕೆ ಇಳಿದವರು ನನ್ನ ವಾರ್ಡಿನಲ್ಲೂ ಇದ್ದಾರೆ, ಮತ್ತು ಕಡಿಮೆ ಗಂಟೆಯ ಪರಿಣಾಮ ನಿವೃತ್ತಿಯ ನಿಧಿಯಲ್ಲಿ ಕಾಣುವುದು ಬಹಳ ವರ್ಷಗಳ ಮೇಲೆ.

ಹರಿಹರದ ಶುಶ್ರೂಷಕಿ

ಪಾಲನಾ ಕೇಂದ್ರದ ಮಾತು ಬಂದದ್ದು ಒಳ್ಳೆಯದಾಯಿತು. 50 ಅಥವಾ ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆ ಶಿಶುಪಾಲನಾ ಸೌಲಭ್ಯ ಒದಗಿಸಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಹೇಳಿತು. ನನ್ನ ಆಸ್ಪತ್ರೆಯಲ್ಲಿ ಅದು ರಾತ್ರಿ ಎಂಟರವರೆಗೆ ತೆರೆದಿದ್ದರೆ ನಾನು ಅರ್ಧ ಕೆಲಸ ಕೇಳುತ್ತಲೇ ಇರಲಿಲ್ಲ.

ನರ್ಸಿಂಗ್ ಹೋಮ್ ಲೆಕ್ಕಪತ್ರ ವಿಭಾಗ, ದಾವಣಗೆರೆ

ಚರ್ಚೆಯನ್ನು ಓದಿದ ಮೇಲೆ ನಮ್ಮ ಕಡೆಯ ಇನ್ನೊಂದು ಅಂಕಿಯನ್ನೂ ಹೇಳುವುದು ಉಚಿತ. ಸಿಬ್ಬಂದಿ ಕೊರತೆಯಾದಾಗ ಏಜೆನ್ಸಿಯಿಂದ ಸಿಸ್ಟರ್‌ಗಳನ್ನು ತರಿಸುತ್ತೇವೆ. ಸಿಬ್ಬಂದಿ ಪೂರೈಕೆಯ ಬಿಲ್ಲಿನ ಮೇಲೆ ಶೇ. 18 ಜಿ.ಎಸ್.ಟಿ. ಇದೆ, ಮತ್ತು ಚಿಕಿತ್ಸಾ ಸೇವೆಗೆ ತೆರಿಗೆ ವಿನಾಯಿತಿ ಇರುವುದರಿಂದ ನಾವು ಕಟ್ಟಿದ್ದನ್ನು ಹಿಂದಕ್ಕೆ ಪಡೆಯುವ ದಾರಿಯಿಲ್ಲ. ಡ್ಯೂಟಿಗೆ 600 ರೂ. ಬಿಲ್ಲಾದರೆ 708 ಹೋಗುತ್ತದೆ, ಅದರಲ್ಲಿ ಸಿಸ್ಟರಿಗೆ ತಲುಪುವುದು ಏಜೆನ್ಸಿಯ ಕಮಿಷನ್ ಕಳೆದು ಉಳಿದದ್ದು. ಅದೇ ಡ್ಯೂಟಿಗೆ ನಮ್ಮದೇ ಅರೆಕಾಲಿಕ ಸಿಸ್ಟರಿಗೆ ಪೂರ್ಣಾವಧಿಯ ಗಂಟೆಯ ದರದಂತೆ ಸುಮಾರು 577 ಕೊಟ್ಟು, ಪಿ.ಎಫ್. ಮತ್ತು ಇ.ಎಸ್.ಐ. ಸೇರಿ ಶೇ. 15.25ರಂತೆ 88 ಕಟ್ಟಿದರೂ, ಪಿ.ಎಫ್. ಆಡಳಿತ ಶುಲ್ಕವನ್ನು ಬಿಟ್ಟರೆ, 665ಕ್ಕೆ ಮುಗಿಯುತ್ತದೆ. ನಾನು ಮೊದಲು ಹೇಳಿದ 600 ರೂಪಾಯಿಯ ಪಿ.ಎಫ್. ಹೊರೆ ಇದರೊಳಗೇ ಬಂದಿದೆ. ಈ ಹೋಲಿಕೆಯನ್ನು ಮಾಲೀಕರ ಮುಂದಿಡುವುದರಲ್ಲಿ ನನಗೆ ಅಡ್ಡಿಯೇನೂ ಕಾಣುವುದಿಲ್ಲ. ಪೂರ್ಣಾವಧಿಯವರು ನೈಟ್ ಭತ್ಯೆಯ ಪ್ರಶ್ನೆ ಎತ್ತುತ್ತಾರೆ, ಅದಕ್ಕೂ ಉತ್ತರವನ್ನು ಸಿದ್ಧವಿಟ್ಟುಕೊಳ್ಳಬೇಕು.

ಚಿತ್ರದುರ್ಗದಿಂದ

ಎರಡು ಕಡೆ ಅರ್ಧರ್ಧ ದುಡಿಯುವವರು ಇಬ್ಬರು ಮಾಲೀಕರಿಂದಲೂ ಪಿ.ಎಫ್. ಕೇಳಬಹುದೇ? ಇಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಕಾರ್ಮಿಕ ಕಾನೂನು ಸಲಹೆಗಾರ, ಕೆ.ಟಿ.ಜೆ. ನಗರ

ಕೇಳಬಹುದು. ಭವಿಷ್ಯ ನಿಧಿಗೆ ಗಂಟೆಗಳ ಕನಿಷ್ಠ ಮಿತಿ ಇಲ್ಲ, ಅರೆಕಾಲಿಕ ಎಂಬುದು ಹೊರಗಿಡಲು ಕಾರಣವಾಗದು. ತಮ್ಮ ಯು.ಎ.ಎನ್., ಅಂದರೆ ಪಿ.ಎಫ್.ನ ಕಾಯಂ ಖಾತೆ ಸಂಖ್ಯೆ, ಒಂದೇ ಇರುತ್ತದೆ, ಅದರ ಕೆಳಗೆ ಪ್ರತಿ ಸಂಸ್ಥೆಗೂ ಬೇರೆ ಸದಸ್ಯತ್ವ ಸಂಖ್ಯೆ ಬರುತ್ತದೆ. ಆದರೆ ಕಾಯ್ದೆ ಅನ್ವಯಿಸುವುದು 20 ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆಗೆ. ತಮ್ಮ ಬೆಳಗಿನ ಆಸ್ಪತ್ರೆ ತಪ್ಪಿಸಿಕೊಳ್ಳಲಾರದು. ಸಂಜೆಯ ಕ್ಲಿನಿಕ್ ಬಹುಶಃ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ನಗದಿಗೆ ಬದಲು ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳಿ, ದುಡಿದದ್ದಕ್ಕೆ ದಾಖಲೆಯಾದರೂ ಉಳಿಯುತ್ತದೆ.

ನಿವೃತ್ತ ವಾರ್ಡ್ ಇನ್‌ಚಾರ್ಜ್ ಸಿಸ್ಟರ್

ಹರಿಹರದ ಸಿಸ್ಟರ್, ಸೇರುವ ಮೊದಲು ಅನುಭವ ಪತ್ರದ ಮಾತನ್ನೂ ಮುಗಿಸಿಕೊಳ್ಳಿ. ಏಮ್ಸ್‌ನ ಶುಶ್ರೂಷಾಧಿಕಾರಿ ನೇಮಕಾತಿಗೆ ಜಿ.ಎನ್.ಎಂ. ಓದಿದವರಿಗೆ ಕನಿಷ್ಠ 50 ಹಾಸಿಗೆಗಳ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಕೇಳುತ್ತಾರೆ. ಆದ್ದರಿಂದ ಪತ್ರದಲ್ಲಿ ಆಸ್ಪತ್ರೆಯ ಹಾಸಿಗೆಗಳ ಸಂಖ್ಯೆ, ತಾವು ಇದ್ದ ವಾರ್ಡ್, ತಿಂಗಳಿಗೆ ಮಾಡಿದ ಡ್ಯೂಟಿ ಮತ್ತು ಗಂಟೆಗಳು, ಸೇರಿದ ಹಾಗೂ ಬಿಟ್ಟ ದಿನಾಂಕ ಇವಿಷ್ಟೂ ಇರಲಿ. ಬರಿ ‘ತೃಪ್ತಿಕರವಾಗಿ ಕೆಲಸ ಮಾಡಿದ್ದಾರೆ’ ಎಂದು ಎರಡು ಸಾಲು ಬರೆದುಕೊಟ್ಟರೆ ತೆಗೆದುಕೊಳ್ಳಬೇಡಿ. ಹದಿನಾಲ್ಕು ಡ್ಯೂಟಿ, ಒಟ್ಟಿಗೆ ಮೂರು ದಿನ, ಒಂದೇ ವಾರ್ಡ್ ಎಂಬುದನ್ನು ನೇಮಕ ಪತ್ರದಲ್ಲೇ ಬರೆಸಿ. ಮೂಲ ಪ್ರಮಾಣಪತ್ರಗಳನ್ನು ಇಟ್ಟುಕೊಳ್ಳುತ್ತೇವೆ ಎಂದರೆ ನಕಲು ಪ್ರತಿಯನ್ನಷ್ಟೇ ಕೊಟ್ಟು ಬನ್ನಿ.